ಸೇಂಟ್ ಆಗಸ್ಟೀನ್: ಉಳಿದ ಕಲ್ಲು, ಕಟ್ಟಿದ ನೆನಪು

ಫ್ಲಾರಿಡಾದ ಅಟ್ಲಾಂಟಿಕ್ ಕರಾವಳಿಯ ಸೇಂಟ್ ಆಗಸ್ಟೀನ್ ನಗರವನ್ನು ಸ್ಪೇನಿನ ಪೆಡ್ರೊ ಮೆನೆಂಡೆಸ್ 1565ರಲ್ಲಿ ಸ್ಥಾಪಿಸಿದನು. ಆದರೆ ಆ ಶತಮಾನದ ಕಟ್ಟಡವೊಂದೂ ಅಲ್ಲಿ ಇಂದು ನಿಂತಿಲ್ಲ. ಮರ ಮತ್ತು ಹುಲ್ಲು ಹೊದಿಕೆಯ ಪಟ್ಟಣವನ್ನು 1586ರಲ್ಲಿ ಡ್ರೇಕ್, 1702ರಲ್ಲಿ ಕೆರೊಲಿನಾದ ಇಂಗ್ಲಿಷ್ ಪಡೆ ಸುಟ್ಟವು.

ಎರಡನೆಯ ಬೆಂಕಿಯನ್ನು ದಾಟಿ ಉಳಿದುದು ಕ್ಯಾಸ್ಟಿಯೊ ದೆ ಸಾನ್ ಮಾರ್ಕೋಸ್ ಕೋಟೆ. 1672ರಿಂದ 1695ರವರೆಗೆ ಕಟ್ಟಿದ ಇದರ ಗೋಡೆಗಳಿಗೆ ಎದುರಿನ ಅನಾಸ್ತಾಸಿಯಾ ದ್ವೀಪದ ಕೊಕಿನಾ ಕಲ್ಲನ್ನು ಬಳಸಲಾಯಿತು. ಸಣ್ಣ ಚಿಪ್ಪುಗಳು ಒತ್ತಿಕೊಂಡು ಗಟ್ಟಿಯಾದ ಕಲ್ಲಿದು. ಅಗೆದಾಗ ಮೆದು, ಒಣಗಿದಂತೆ ಗಡುಸು. ಫಿರಂಗಿಗುಂಡು ಬಿದ್ದರೆ ಗೋಡೆ ಸಿಡಿಯದೆ ಗುಂಡನ್ನು ಒಳಗೆಳೆದುಕೊಳ್ಳುತ್ತಿತ್ತು. 1740ರ ಮುತ್ತಿಗೆಯಲ್ಲೂ ಕೋಟೆ ಕೈವಶವಾಗಲಿಲ್ಲ. ದುರ್ಬಲವೆಂದು ಕಾಣುವ ವಸ್ತುವೇ ಇಲ್ಲಿ ಬಲವಾಯಿತು.

1888ರಲ್ಲಿ ಹೆನ್ರಿ ಫ್ಲ್ಯಾಗ್ಲರ್ ತೆರೆದ ಪಾನ್ಸ್ ದೆ ಲಿಯೋನ್ ಹೋಟೆಲಿನ ವಾಸ್ತುಶಿಲ್ಪಿಗಳು ಕರೇರ್ ಮತ್ತು ಹೇಸ್ಟಿಂಗ್ಸ್. ಕೊಕಿನಾ ಚೂರು ಬೆರೆಸಿ ಎರಕಹೊಯ್ದ ಕಾಂಕ್ರೀಟಿಗೆ ಅವರು ಸ್ಪ್ಯಾನಿಷ್ ಪುನರುಜ್ಜೀವನದ ವೇಷ ತೊಡಿಸಿದರು. ಆ ವೇಷ ಪ್ರವಾಸಿಗರಿಗಾಗಿ. ಕಾಂಕ್ರೀಟಿನ ಕಸುಬು ಮಾತ್ರ ಅಪ್ಪಟ. 1968ರಿಂದ ಅಲ್ಲಿ ಕಾಲೇಜು ನಡೆಯುತ್ತಿದೆ.

ನಿಜವಾದ ತೊಡಕಿರುವುದು ಸೇಂಟ್ ಜಾರ್ಜ್ ಬೀದಿಯಲ್ಲಿ. ಅಲ್ಲಿನ ಅನೇಕ ‘ವಸಾಹತು ಮನೆ’ಗಳು 1959ರ ನಂತರ ದಾಖಲೆ ಮತ್ತು ಉತ್ಖನನಗಳ ಆಧಾರದಿಂದ ಹೊಸದಾಗಿ ಎದ್ದವು. ಹಳೆಯದಕ್ಕೂ ಹೊಸದಕ್ಕೂ ಗೆರೆ ಕಾಣದಿರುವುದು ಇವುಗಳ ದೋಷ. ಆದರೂ ಪುನರ್ನಿರ್ಮಾಣವನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ. ದಾಸ್ಯದಿಂದ ತಪ್ಪಿಸಿಕೊಂಡು ಬಂದ ಆಫ್ರಿಕನ್ನರು ಊರಿನ ಉತ್ತರಕ್ಕೆ 1738ರಲ್ಲಿ ನೆಲೆಗೊಂಡ ಫೋರ್ಟ್ ಮೋಸೆ ಮಣ್ಣು ಮರಗಳ ಕೋಟೆ. ನೆಲದ ಮೇಲೆ ಅದರ ಕುರುಹೂ ಉಳಿದಿರಲಿಲ್ಲ. ಕಲ್ಲು ದಕ್ಕದವರ ಚರಿತ್ರೆಗೆ 2025ರಲ್ಲಿ ತೆರೆದ ಅದರ ಪ್ರತಿಕೃತಿಯೊಂದೇ ಕಣ್ಣಿಗೆ ಕಾಣುವ ಗೋಡೆ.