ನೊಗದ ಮೇಲಿನ ಭಾರ

ಐದನೇ ತಲೆಮಾರಿನ ಟೊಯೋಟಾ ರಾವ್4 ಹೈಬ್ರಿಡ್ ಅಮೆರಿಕದಲ್ಲಿ ಎಳೆಯಬಹುದಾದ ಟ್ರೇಲರ್‌ನ ತೂಕ 1,750 ಪೌಂಡ್, ಅಂದರೆ ಸುಮಾರು 794 ಕೆ.ಜಿ. ಅದೇ ತಲೆಮಾರಿನ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಅದೇ ಹೈಬ್ರಿಡ್ ಗಾಡಿಗೆ ಯುರೋಪಿನಲ್ಲಿ 1,650 ಕೆ.ಜಿ. ಬರೆದುಕೊಟ್ಟಿದ್ದಾರೆ. ಅಟ್ಲಾಂಟಿಕ್ ದಾಟಿದ ಮಾತ್ರಕ್ಕೆ ಕಾರಿಗೆ ಎರಡರಷ್ಟು ಬಲ ಬಂತೇ?

ಬಂದಿಲ್ಲ. ಎರಡು ಕಡೆಯ ಪರೀಕ್ಷೆಯೇ ಬೇರೆ. ಯುರೋಪಿನ ನಿಯಮದ ಪ್ರಕಾರ ಗಾಡಿ ತನ್ನ ಪೂರ್ತಿ ಭಾರ ಕಟ್ಟಿಕೊಂಡು, ಶೇ. 12ರ ಏರಿನಲ್ಲಿ ನಿಂತಲ್ಲಿಂದ ಐದು ನಿಮಿಷದೊಳಗೆ ಐದು ಸಲ ಹೊರಡಬೇಕು. ಅಮೆರಿಕದ ಪರೀಕ್ಷೆಯ ಹೆಸರು ಎಸ್‌ಎಇ ಜೆ2807. ಅದರ ರಂಗಸ್ಥಳ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಮರುಭೂಮಿ. ಅಲ್ಲಿಂದ ಮೇಲೇರುವ 11.4 ಮೈಲಿ ರಸ್ತೆಯನ್ನು ಬುಡದಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಎ.ಸಿ. ಪೂರ್ತಿ ಹಾಕಿದ ಸ್ಥಿತಿ, ಇವೆರಡರ ನಡುವೆ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಒಂದು ಹೊರಡುವ ಶಕ್ತಿಯನ್ನು ನೋಡುತ್ತದೆ, ಇನ್ನೊಂದು ದಣಿಯದ ಶಕ್ತಿಯನ್ನೂ. ಜೊತೆಗೆ ಜರ್ಮನಿಯಲ್ಲಿ ಟ್ರೇಲರ್ ಕಟ್ಟಿದ ಕಾರಿಗೆ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮಿತಿ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಟ್ರೇಲರ್ ಇದ್ದರೂ ಇಲ್ಲದಿದ್ದರೂ ವೇಗಮಿತಿ ಒಂದೇ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಬೆಂಗಳೂರಿನಲ್ಲಿ ಕಾಂಪ್ಯಾಕ್ಟ್ ಎಸ್‌ಯುವಿ ಎಂದರೆ ನಾಲ್ಕು ಮೀಟರ್ ಒಳಗಿನ ಬ್ರೆಝಾ, ನೆಕ್ಸಾನ್, ವೆನ್ಯೂ. ಅಮೆರಿಕದಲ್ಲಿ ಅದೇ ಹೆಸರಿನಲ್ಲಿ ಕರೆಯುವ ರಾವ್4 ಸುಮಾರು 4.6 ಮೀಟರ್ ಉದ್ದ. ಇಲ್ಲಿನ ಮಾತು ಆ ದೊಡ್ಡ ‘ಕಾಂಪ್ಯಾಕ್ಟ್’ ಕುರಿತದ್ದು.

ಅಮೆರಿಕದ ಒಳಗೇ ಇನ್ನೊಂದು ಸೋಜಿಗವಿದೆ. 2019ರಲ್ಲಿ ಬಂದ ಐದನೇ ತಲೆಮಾರಿನ ಪೆಟ್ರೋಲ್ ರಾವ್4ರ ಸಾಮಾನ್ಯ ಮಾದರಿ ಎಳೆಯುವುದು 1,500 ಪೌಂಡ್, ಅಡ್ವೆಂಚರ್ ಮಾದರಿ 3,500 ಪೌಂಡ್. ಎಂಜಿನ್ ಎರಡರಲ್ಲೂ ಅದೇ 2.5 ಲೀಟರ್, ಅದೇ 203 ಅಶ್ವಶಕ್ತಿ. ಅಡ್ವೆಂಚರ್‌ಗೆ ಕೊಟ್ಟಿರುವುದು ದೊಡ್ಡ ರೇಡಿಯೇಟರ್, ಎಂಜಿನ್ ಆಯಿಲ್ ಮತ್ತು ಗೇರ್‌ಬಾಕ್ಸ್ ಆಯಿಲ್ ತಣಿಸುವ ಕೂಲರ್‌ಗಳು. ಅಂಥ ಗಾಡಿಯ ಮಿತಿಯನ್ನು ಅಶ್ವಶಕ್ತಿಗಿಂತ ಹೆಚ್ಚಾಗಿ ನಿರ್ಧರಿಸುವುದು ಶಾಖ. ಹೋಂಡಾ ಸಿಆರ್-ವಿ ಪೆಟ್ರೋಲ್‌ಗೆ 1,500 ಪೌಂಡ್ ಮಿತಿಯಿದ್ದರೆ, ಹೆಚ್ಚು ಚುರುಕಾದ ಹೈಬ್ರಿಡ್‌ಗೆ 1,000 ಮಾತ್ರ. ಶೋರೂಮಿನಲ್ಲಿ ಅಶ್ವಶಕ್ತಿ ನೋಡಿ ಬೀಗುವವರು ಎಳೆಯುವ ಮಿತಿ ಬರೆದ ಪುಟವನ್ನು ಅಪರೂಪಕ್ಕೆ ತೆರೆಯುತ್ತಾರೆ.

ಇನ್ನು ಭಾರದ ವಿಷಯ. ಎತ್ತಿನ ಗಾಡಿ ಹೇರಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಹುಲ್ಲಿನ ಹೊರೆ ಅಚ್ಚಿಗಿಂತ ಹಿಂದೆ ಹೋದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ತೀರಾ ಮುಂದೆ ಬಂದರೆ ನೊಗ ಹೆಗಲನ್ನು ಒತ್ತುತ್ತದೆ. ಹಿಂಭಾರ, ಮುಂಭಾರ ಎಂದು ಹಳ್ಳಿಯಲ್ಲಿ ಕರೆಯುವ ಅದೇ ಸಂಗತಿಗೆ ಅಮೆರಿಕದವರು ಟಂಗ್ ವೇಟ್ ಎನ್ನುತ್ತಾರೆ. ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಹಿಚ್‌ನ ಗುಂಡಿನ ಮೇಲೆ ಬೀಳುವ ಭಾರ ಅದು. ಅಲ್ಲಿನ ಲೆಕ್ಕದಲ್ಲಿ ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಇರಬೇಕು. ಬ್ರಿಟನ್ನಿನಲ್ಲಿ ಶೇ. 5ರಿಂದ 7 ಸಾಕೆನ್ನುತ್ತಾರೆ. ಅಮೆರಿಕದ ಅಂಕಿ ಚಿಕ್ಕದಾಗಿರಲು ಇದೂ ಒಂದು ಕಾರಣ: ಅಲ್ಲಿ ಕಾರಿನ ಹಿಂಬದಿಯೇ ಹೆಚ್ಚು ಹೊರಬೇಕು.

ಹಿಂಭಾರವಾದ ಟ್ರೇಲರ್ ಒಂದು ವೇಗ ದಾಟಿದೊಡನೆ ಬಾಲ ಅಲ್ಲಾಡಿಸಲು ತೊಡಗುತ್ತದೆ. ಆಗ ಜೋರಾಗಿ ಬ್ರೇಕ್ ತುಳಿದರೆ ಕೆಟ್ಟಿತು. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕು. ಬಾಡಿಗೆಗೆ ಟ್ರೇಲರ್ ಕೊಡುವ ಯು-ಹಾಲ್ ಕಂಪನಿ ಸಾಮಾನಿನ ಶೇ. 60ರಷ್ಟು ಮುಂದಿನ ಅರ್ಧದಲ್ಲಿ ಇರಲಿ ಎನ್ನುವುದು ಇದಕ್ಕೇ. ಅವರ 5x8 ಅಡಿ ಪೆಟ್ಟಿಗೆ ಟ್ರೇಲರ್ ಖಾಲಿಯಾಗಿ 900 ಪೌಂಡ್, ತುಂಬಿದರೆ ಗರಿಷ್ಠ 2,700. ರಾವ್4 ಹೈಬ್ರಿಡ್‌ಗೆ ಕಟ್ಟುವುದಾದರೆ ಅದರಲ್ಲಿ 850 ಪೌಂಡ್ ಸಾಮಾನು ಮಾತ್ರ ಹಾಕಬಹುದು. ಜಾಗ ಇನ್ನೂ ಬೇಕಾದಷ್ಟು ಉಳಿದಿರುತ್ತದೆ, ಮೋಸ ಹೋಗುವುದು ಅಲ್ಲಿಯೇ.

ಈಗ ಕ್ಯಾಲಿಫೋರ್ನಿಯಾದ ಒಂದು ಕನ್ನಡ ಸಂಸಾರವನ್ನು ಕಲ್ಪಿಸಿಕೊಳ್ಳಿ. ಗಂಡ, ಹೆಂಡತಿ, ದಾವಣಗೆರೆಯಿಂದ ಬಂದ ಅಪ್ಪ ಅಮ್ಮ, ಒಂದು ಮಗು. ಅದೇ ಹೈಬ್ರಿಡ್‌ಗೆ ಚಿಕ್ಕದೊಂದು ಕ್ಯಾಂಪರ್ ಟ್ರೇಲರ್ ಕಟ್ಟಿಕೊಂಡು ಲೇಕ್ ಟಾಹೋಗೆ ಹೊರಟಿದ್ದಾರೆ. ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕರ್‌ನಲ್ಲಿ, ಜನ ಮತ್ತು ಸಾಮಾನು ಸೇರಿ 500 ಕೆ.ಜಿ. ಮೀರಬಾರದು ಎಂದಿದೆ ಎನ್ನೋಣ. ಹಿರಿಯರು ನಾಲ್ವರು 280, ಮಗು 25, ಡಿಕ್ಕಿಯ ಚೀಲಗಳು, ಕುಕ್ಕರ್, ಅಕ್ಕಿ ಸೇರಿ 90, ಹಿಚ್‌ನ ಕಬ್ಬಿಣ 20. ಉಳಿದದ್ದು 85 ಕೆ.ಜಿ. ಕ್ಯಾಂಪರ್ 794 ಕೆ.ಜಿ. ಇದ್ದು ಗುಂಡಿನ ಮೇಲೆ ಶೇ. 10 ಬಿದ್ದರೆ 79. ಹೇಗೋ ಸರಿಹೋಯಿತು. ಶೇ. 12 ಆದರೆ 95, ಲೆಕ್ಕ ತಪ್ಪಿತು. ಟ್ರೇಲರ್ ತೂಕ ಮಿತಿಯೊಳಗೇ ಇದೆ, ಕಾರು ಮಾತ್ರ ಮಿತಿ ದಾಟಿದೆ.

ಅಷ್ಟೇ ಅಲ್ಲ. ಜೆ2807 ಪರೀಕ್ಷೆಯಲ್ಲಿ ಇಂಥ ಕಾರಿನೊಳಗೆ ಕೂತವರೆಂದು ಎಣಿಸುವುದು ಇಬ್ಬರನ್ನು, ತಲಾ 150 ಪೌಂಡ್. ಇಬ್ಬರಿಗೂ ಸೇರಿ 136 ಕೆ.ಜಿ. ಈ ಸಂಸಾರದ ಜನ, ಸಾಮಾನು ಸೇರಿ 395. ಆ ಪರೀಕ್ಷೆಗೆ ಒಳಪಟ್ಟ ಗಾಡಿಯಲ್ಲಿ ಹೆಚ್ಚಾದ 259 ಕೆ.ಜಿ.ಯನ್ನು ಟ್ರೇಲರ್ ಪಾಲಿನಿಂದ ಕಳೆಯುವುದೇ ಸುರಕ್ಷಿತ ಲೆಕ್ಕ. ಹಾಗೆ ಕಳೆದರೆ ಉಳಿಯುವುದು 535.

ದಾರಿ ಹತ್ತುವುದು ಡಾನರ್ ಘಟ್ಟವನ್ನು. ಹೆದ್ದಾರಿ 80ರ ನೆತ್ತಿ 7,239 ಅಡಿ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಹೆಚ್ಚುಕಡಿಮೆ ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮೇಲೆ ತಲುಪುವಾಗ ಐದನೇ ಒಂದು ಪಾಲು ಕೈಬಿಟ್ಟಿರುತ್ತದೆ. ಉದ್ದದ ಏರಿನಲ್ಲಿ ಹೈಬ್ರಿಡ್ ಬ್ಯಾಟರಿ ಬರಿದಾದ ಮೇಲೆ ಎಂಜಿನ್ ಒಂಟಿ ಎತ್ತು.

ಹೊರಡುವ ಮುನ್ನ ತೂಗುವುದು ಕಷ್ಟದ ಕೆಲಸವೇನಲ್ಲ. ನಮ್ಮಲ್ಲಿ ಲಾರಿ ವೇಬ್ರಿಡ್ಜ್ ಇರುವಂತೆ ಅಲ್ಲಿನ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಇದೆ, ಪ್ರತಿ ಅಚ್ಚಿನ ತೂಕವನ್ನೂ ಬೇರೆಬೇರೆಯಾಗಿ ಬರೆದುಕೊಡುತ್ತಾರೆ. ಬ್ರೇಕಿನ ವಿಷಯವನ್ನೂ ಮರೆಯಬೇಡಿ. ಟೊಯೋಟಾದ ಕೈಪಿಡಿ 1,000 ಪೌಂಡ್ ಮೀರಿದ ಟ್ರೇಲರ್‌ಗೆ ಸ್ವಂತ ಬ್ರೇಕ್ ಬೇಕೆನ್ನುತ್ತದೆ. ಕ್ಯಾಲಿಫೋರ್ನಿಯಾದ ಕಾನೂನು ಕ್ಯಾಂಪ್ ಟ್ರೇಲರ್‌ಗೆ 1,500 ಪೌಂಡ್‌ನಿಂದ ಅದನ್ನು ಕಡ್ಡಾಯ ಮಾಡಿದೆ. ಅಲ್ಲಿ ಟ್ರೇಲರ್ ಎಳೆಯುವ ಗಾಡಿಗೆ ವೇಗಮಿತಿ ಗಂಟೆಗೆ 55 ಮೈಲಿ.