ಗುಳಿಗೆ ಒಳ್ಳೆಯದು, ಕೊಳ್ಳುವ ರೀತಿ ಕೆಟ್ಟದ್ದು

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆ ಹೊರಟರೆ ಗೋಡೆ, ಕರೆಂಟ್ ಕಂಬಗಳ ಮೇಲೆ ‘ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ’ ಎಂಬ ಬರಹ ಕಣ್ಣಿಗೆ ಬೀಳುತ್ತದೆ. ವೈದ್ಯನ ಹೆಸರಿಲ್ಲ, ಪದವಿಯಿಲ್ಲ, ಮೊಬೈಲ್ ನಂಬರ್ ಮಾತ್ರ. ಇಂಥ ಜಾಹೀರಾತನ್ನು ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ 1954ರಲ್ಲೇ ನಿಷೇಧಿಸಿದೆ. ಇನ್ನೊಂದು ದಾರಿ ಮೆಡಿಕಲ್ ಅಂಗಡಿಯದು. ಗಿರಾಕಿ ಜನ ಕರಗುವವರೆಗೆ ಕಾದು, ದನಿ ತಗ್ಗಿಸಿ ಹೆಸರು ಹೇಳಿ, ಕಾಗದದಲ್ಲಿ ಸುತ್ತಿದ ಗುಳಿಗೆಯನ್ನು ಜೇಬಿಗಿಳಿಸುತ್ತಾನೆ. ಆ ಗುಳಿಗೆ ಸಿಲ್ಡೆನಾಫಿಲ್, ನಿಮಿರುವಿಕೆಯ ತೊಂದರೆಗೆ ಕೊಡುವ, ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ. ಆದರೂ ಬೀಪಿ ಎಷ್ಟು, ಎದೆನೋವು ಇದೆಯೇ ಎಂದು ಕೇಳುವವರಿಲ್ಲ.

ಒಂದು ಒಳ್ಳೆಯ ಔಷಧವನ್ನು ನಾವು ಹೀಗೆ ಕಳ್ಳಮಾಲಿನ ಮಟ್ಟಕ್ಕೆ ಇಳಿಸಿದ್ದೇವೆ.

ಫೈಜರ್ ಕಂಪನಿಯ ವಿಜ್ಞಾನಿಗಳು ಇಂಗ್ಲೆಂಡಿನ ಸ್ಯಾಂಡ್‌ವಿಚ್ ಊರಿನ ಪ್ರಯೋಗಾಲಯದಲ್ಲಿ ಇದನ್ನು ಹುಡುಕಿದ್ದು ಹೃದಯದ ನೋವಿಗಾಗಿ. ಎದೆನೋವಿಗೆ ಅಷ್ಟೇನೂ ಫಲ ಸಿಗಲಿಲ್ಲ, ನಿಮಿರುವಿಕೆಯ ಮೇಲಿನ ಪರಿಣಾಮ ಮಾತ್ರ ಎದ್ದು ಕಂಡಿತು. 1998ರ ಮಾರ್ಚ್‌ನಲ್ಲಿ ಅಮೆರಿಕ ‘ವಯಾಗ್ರ’ ಎಂಬ ಹೆಸರಿನಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಮನಸ್ಸಿನಲ್ಲಿ ಆಸೆ ಹುಟ್ಟಿದಾಗ ನರಗಳು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತವೆ. ಅದರಿಂದ ಸಿ-ಜಿಎಂಪಿ ಎಂಬ ರಾಸಾಯನಿಕ ಹೆಚ್ಚಿ, ರಕ್ತನಾಳದ ಗೋಡೆಯ ಸ್ನಾಯು ಸಡಿಲಗೊಂಡು ರಕ್ತ ತುಂಬುತ್ತದೆ. ಈ ರಾಸಾಯನಿಕವನ್ನು ಒಡೆದುಹಾಕುವ ಕಿಣ್ವ ಪಿಡಿಇ-5. ಗುಳಿಗೆ ಆ ಕಿಣ್ವವನ್ನು ತಡೆಯುತ್ತದೆ, ಅಷ್ಟೇ. ಆಸೆಯನ್ನು ಅದು ಹುಟ್ಟಿಸುವುದಿಲ್ಲ. ‘ಶಕ್ತಿ ಗುಳಿಗೆ’ ಎಂಬ ಪ್ರಚಾರ ಶುದ್ಧ ಸುಳ್ಳು.

ಇದೇ ಕಿಣ್ವ ಶ್ವಾಸಕೋಶದ ರಕ್ತನಾಳಗಳಲ್ಲೂ ಇದೆ. ಆದ್ದರಿಂದಲೇ ಶ್ವಾಸಕೋಶದ ಅಪಧಮನಿಯ ಅಧಿಕ ಒತ್ತಡಕ್ಕೆ 2005ರಲ್ಲಿ ಸಿಲ್ಡೆನಾಫಿಲ್‌ಗೆ ಮಾನ್ಯತೆ ಸಿಕ್ಕಿತು. ವಯಸ್ಕರಿಗೆ 20 ಮಿಲಿಗ್ರಾಂ, ದಿನಕ್ಕೆ ಮೂರು ಸಲ. ಈ ಒತ್ತಡದಿಂದ ಉಸಿರಿಗೆ ಪರದಾಡುವ ಹೆಂಗಸರಿಗೂ ನವಜಾತ ಶಿಶುಗಳಿಗೂ ವೈದ್ಯರು ಇದನ್ನೇ ಬರೆಯುತ್ತಾರೆ. ಇದೇ ಗುಂಪಿನ ಟಡಾಲಫಿಲ್ ಪ್ರಾಸ್ಟೇಟ್ ದಪ್ಪಗಾಗಿ ಮೂತ್ರ ಕಟ್ಟುವವರಿಗೆ ಆರಾಮ ಕೊಡುತ್ತದೆ. ಚಳಿಗೆ ಬೆರಳು ಬಿಳಿಚಿಕೊಳ್ಳುವ ರೇನಾಡ್ ತೊಂದರೆಗೂ ಬಳಕೆಯಿದೆ. ಮಗುವಿನ ಚೀಟಿಯಲ್ಲಿ ಈ ಹೆಸರು ಕಂಡು ತಾಯಿ-ತಂದೆ ನಾಚಿ ಔಷಧ ಬಿಟ್ಟರೆ ಅದು ಪ್ರಾಣದ ಮಾತು.

ಗುಟ್ಟಿನ ವ್ಯವಹಾರದ ದೊಡ್ಡ ಅಪಾಯ ಹೃದ್ರೋಗಿಗಳಿಗೆ. ಎದೆನೋವಿಗೆ ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ನೈಟ್ರೇಟ್ ಔಷಧ. ಅದೂ ಸಿ-ಜಿಎಂಪಿಯನ್ನೇ ಹೆಚ್ಚಿಸುತ್ತದೆ. ಎರಡೂ ಸೇರಿದರೆ ರಕ್ತದೊತ್ತಡ ಕುಸಿದು ಜೀವ ಹೋಗಬಹುದು. ಆದ್ದರಿಂದ ನೈಟ್ರೇಟ್ ಬಳಸುವವರು ಈ ಗುಳಿಗೆಯನ್ನು ಮುಟ್ಟಲೇಬಾರದು. ಗುಳಿಗೆ ನುಂಗಿದ ಮೇಲೆ ಎದೆನೋವು ಬಂದರೆ ಆ ಸಂಗತಿಯನ್ನು ವೈದ್ಯರಿಗೆ ಮೊದಲು ಹೇಳಬೇಕು. ಸಿಲ್ಡೆನಾಫಿಲ್ ಆದರೆ ಕನಿಷ್ಠ 24 ಗಂಟೆ, ಟಡಾಲಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ‘ಅಪ್ಪಟ ಗಿಡಮೂಲಿಕೆ’ ಎಂದು ಮಾರುವ ಪುಡಿ, ಲೇಹ್ಯಗಳಲ್ಲಿ ಹೇಳದೆ ಬೆರೆಸಿದ ಸಿಲ್ಡೆನಾಫಿಲ್ ಅನೇಕ ಸಲ ಪತ್ತೆಯಾಗಿದೆ. ಅದನ್ನು ತಿಂದವನಿಗೆ ತಾನು ಏನು ತಿಂದೆ ಎಂಬುದೇ ಗೊತ್ತಿರುವುದಿಲ್ಲ.

ಇನ್ನೊಂದು ನಷ್ಟ ಇದಕ್ಕಿಂತ ಆಳವಾದದ್ದು. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಣ್ಣವು. ಕೊಬ್ಬು ಕಟ್ಟತೊಡಗಿದರೆ ತೊಂದರೆ ಮೊದಲು ತೋರುವುದು ಅಲ್ಲಿ, ಎಷ್ಟೋ ಜನರಲ್ಲಿ ಎದೆನೋವಿಗೆ ಎರಡು ಮೂರು ವರ್ಷ ಮುಂಚೆ. ಸಕ್ಕರೆ ಕಾಯಿಲೆಯಂತೂ ನರ, ರಕ್ತನಾಳ ಎರಡನ್ನೂ ಕೆಡಿಸುತ್ತದೆ. ಕದ್ದು ಗುಳಿಗೆ ನುಂಗಿದವನು ದೇಹ ಕೊಟ್ಟ ಮುನ್ಸೂಚನೆಯನ್ನೇ ಮುಚ್ಚಿಹಾಕುತ್ತಾನೆ. ತಪ್ಪು ಅವನೊಬ್ಬನದಲ್ಲ. ಸಕ್ಕರೆ ರೋಗಿಯ ಕಾಲು, ಕಣ್ಣು ನೋಡುವ ವೈದ್ಯರು ನಿಮಿರುವಿಕೆಯ ಬಗ್ಗೆಯೂ ಒಂದು ಪ್ರಶ್ನೆ ಕೇಳಬೇಕು.

ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜಿಮ್ಸ್ ಇದೆ, 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯೂ ಇದೆ. ಗೋಡೆಬರಹದ ನಂಬರಿಗೆ ಫೋನ್ ಮಾಡುವ ಕಮಲಾಪುರದ ರೈತನಿಗೆ ಅಲ್ಲಿಗೆ ಒಂದೇ ಬಸ್ಸಿನ ದಾರಿ. ಔಷಧ ನಿಯಂತ್ರಣ ಇಲಾಖೆ ಆ ಗೋಡೆಗಳನ್ನು ಅಳಿಸಲಿ, ಅಂಗಡಿಯವರು ಚೀಟಿ ಕೇಳಲಿ. ತೊಂದರೆ ಇರುವವರು ಮೊದಲು ಬೀಪಿ, ಶುಗರ್, ಇಸಿಜಿ ಮಾಡಿಸಿ, ಆಮೇಲೆ ಗುಳಿಗೆಯ ಮಾತು ಎತ್ತಿ.