ಯುವಕೇಂದ್ರಕ್ಕೆ ಹಣ: ಕೂಡಿಸುವ ರೀತಿಯೂ ಒಂದು ಪಾಠ



ಧರ್ಮಕೇಂದ್ರದಲ್ಲಿ ಯುವಜನರಿಗೆಂದೇ ಒಂದು ಕಟ್ಟಡವಿರಬೇಕು ಎಂಬ ಮಾತು ಇಂದು ಅನೇಕ ಪಾಲನಾ ಸಮಿತಿಗಳಲ್ಲಿ ಕೇಳಿಬರುತ್ತಿದೆ. ಸಂಜೆ ಕುಳಿತು ಓದಲು ನಾಲ್ಕು ಮೇಜು, ಉದ್ಯೋಗ ಪರೀಕ್ಷೆಗಳಿಗೆ ಬೇಕಾದ ಪುಸ್ತಕಗಳು, ಒಂದು ಕೇರಂ ಹಲಗೆ, ಗಾಯನ ಹಾಗೂ ನಾಟಕಗಳ ಅಭ್ಯಾಸಕ್ಕೆ ಒಂದು ಹಜಾರ, ಇಷ್ಟಾದರೂ ಇದ್ದರೆ ನಮ್ಮ ಮಕ್ಕಳು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮೊಬೈಲ್ ನೋಡುತ್ತಾ ಸಂಜೆಗಳನ್ನು ಕಳೆಯುವುದು ತಪ್ಪೀತು ಎಂಬ ಹೆತ್ತವರ ಹಂಬಲ ನ್ಯಾಯವಾದುದೇ. ಕೇಂದ್ರ ಬೇಕೇ ಎಂಬ ಪ್ರಶ್ನೆಗೆ ಎಲ್ಲರೂ ಹೌದೆನ್ನುತ್ತಾರೆ. ಹಣ ಎಲ್ಲಿಂದ ಎಂಬ ಪ್ರಶ್ನೆ ಎದ್ದಾಗ ಸಭೆ ಮೌನವಾಗುತ್ತದೆ. ಬಳಿಕ ಒಬ್ಬರು ಲಕ್ಕಿ ಡ್ರಾ ಎನ್ನುತ್ತಾರೆ, ಮತ್ತೊಬ್ಬರು ಹೌಸಿ ಎನ್ನುತ್ತಾರೆ, ಇನ್ನೊಬ್ಬರು ಗಲ್ಫ್ ದೇಶಗಳಲ್ಲಿರುವ ಬಂಧುಗಳನ್ನು ನೆನೆಯುತ್ತಾರೆ.

ಈ ಸಲಹೆಗಳನ್ನು ಒರೆಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ಎಷ್ಟು ಹಣ ಬಂದೀತು ಎಂಬುದೊಂದೇ ನಮ್ಮ ಅಳತೆಗೋಲಾಗಬಾರದು. ಯುವಕೇಂದ್ರ ತಲೆಯೆತ್ತುವ ಮುನ್ನವೇ, ಅದಕ್ಕಾಗಿ ಹಿರಿಯರು ಹಣ ಕೂಡಿಸುವ ರೀತಿಯನ್ನು ಕಂಡು ಕಿರಿಯರು ಪಾಠ ಕಲಿಯುತ್ತಿರುತ್ತಾರೆ. ಆದುದರಿಂದ ಪ್ರತಿಯೊಂದು ಯೋಜನೆಯ ಮುಂದೆಯೂ ಮೂರು ಪ್ರಶ್ನೆಗಳನ್ನಿಡೋಣ. ಯಾರು ಕೊಟ್ಟರು? ಯಾರು ದುಡಿದರು? ಲೆಕ್ಕವನ್ನು ಯಾರು ಕಂಡರು?

ಅದೃಷ್ಟದ ಚೀಟಿ

ಲಕ್ಕಿ ಡ್ರಾ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮೊದಲ ಬಹುಮಾನ ಒಂದು ಸ್ಕೂಟರ್, ಎರಡನೆಯದು ಫ್ರಿಜ್, ಮೂರನೆಯದು ಮಿಕ್ಸಿ ಎಂದು ಮುದ್ರಿಸಿದ ಚೀಟಿ ಪುಸ್ತಕಗಳನ್ನು ಯುವಜನರ ಕೈಗಿತ್ತು ಮನೆಮನೆಗೆ ಕಳುಹಿಸುತ್ತೇವೆ. ಮಾರಾಟವಾಗದೆ ಉಳಿದ ಚೀಟಿಗಳ ಹಣವನ್ನು ಕೊನೆಗೆ ಹುಡುಗನ ತಂದೆಯೇ ಭರಿಸುವುದೂ ಉಂಟು.

ಇದನ್ನು ಸಮರ್ಥಿಸುವವರು ಸಂತರ ನಿದರ್ಶನವನ್ನು ಮುಂದಿಡುತ್ತಾರೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಯುವಜನರ ಪಾಲಕರಾದ ಸಂತ ಜಾನ್ ಬೋಸ್ಕೊ 1846ರಲ್ಲಿ ಟ್ಯೂರಿನ್ ನಗರದ ವಾಲ್ದೊಕ್ಕೊದಲ್ಲಿ ಒಂದು ಕೊಟ್ಟಿಗೆಯಂಥ ಜಾಗದಲ್ಲಿ ತಮ್ಮ ಹುಡುಗರಿಗೆ ನೆಲೆ ಕಲ್ಪಿಸಿದರು. ಅಲ್ಲಿ ಸಂತ ಫ್ರಾನ್ಸಿಸ್ ಸಾಲೆಸರ ದೇವಾಲಯವನ್ನು ಕಟ್ಟುವಾಗ ಹಣ ಸಾಲದೆ ಲಾಟರಿಯನ್ನು ಏರ್ಪಡಿಸಿದರು. ದೇವಾಲಯ 1852ರಲ್ಲಿ ಪ್ರತಿಷ್ಠಾಪನೆಗೊಂಡಿತು. 1964ರಲ್ಲಿ ಮುಂಬಯಿಯ ಪರಮಪ್ರಸಾದ ಮಹಾಸಮ್ಮೇಳನಕ್ಕೆ ಬಂದಿದ್ದ ಪೋಪ್ ಆರನೇ ಪೌಲರು ತಾವು ಬಳಸಿದ ಕಾರನ್ನು ಮದರ್ ತೆರೇಸಾರಿಗೆ ಕೊಟ್ಟುಹೋದಾಗ, ಆಕೆ ಅದನ್ನೇ ಬಹುಮಾನವಾಗಿಟ್ಟು ಚೀಟಿ ಎತ್ತಿಸಿ, ಬಂದ ಹಣವನ್ನು ಕುಷ್ಠರೋಗಿಗಳ ಶಾಂತಿನಗರಕ್ಕೆ ವಿನಿಯೋಗಿಸಿದರು.

ಹಾಗಿದ್ದರೆ ನಾವೇಕೆ ಹಿಂಜರಿಯಬೇಕು? ಅವರ ಸನ್ನಿವೇಶ ಬೇರೆ, ನಮ್ಮದು ಬೇರೆ ಎಂಬುದೇ ಉತ್ತರ. ಲಾಟರಿಯಿಂದ ಬೀದಿಗೆ ಬಂದ ಕುಟುಂಬಗಳನ್ನು ಕಂಡ ನಾಡು ನಮ್ಮದು; 2007ರಲ್ಲಿ ಕರ್ನಾಟಕವು ಲಾಟರಿಯನ್ನು ನಿಷೇಧಿಸಿತು. ಸರ್ಕಾರದ ಅನುಮತಿಯಿಲ್ಲದೆ ಲಾಟರಿ ಎತ್ತುವ ಸ್ಥಳವನ್ನು ನಡೆಸುವುದು ಹಿಂದೆ ಭಾರತೀಯ ದಂಡ ಸಂಹಿತೆಯಡಿ ಅಪರಾಧವಾಗಿತ್ತು; 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮಿನಡಿಯೂ ಅಪರಾಧವೇ. 2025ರಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಮಾಡಬೇಕಾಯಿತು. ಅಂಥ ಆಟಗಳ ಸೆಳೆತಕ್ಕೆ ಸಿಲುಕುವವರು ಹೆಚ್ಚಾಗಿ ಯಾವ ವಯಸ್ಸಿನವರೆಂಬುದು ಹೆತ್ತವರಾದ ನಿಮಗೆ ತಿಳಿಯದ್ದೇನಲ್ಲ. ಜೂಜಿನಿಂದ ಯುವಕನನ್ನು ಕಾಪಾಡಲೆಂದು ಕಟ್ಟುವ ಕೇಂದ್ರಕ್ಕೆ ಅವನ ಕೈಯಿಂದಲೇ ಅದೃಷ್ಟದ ಚೀಟಿ ಮಾರಿಸುವುದು ಹೊಂದುವ ಮಾತಲ್ಲ. ಅಲ್ಲದೆ ಚೀಟಿ ಕೊಳ್ಳುವವನ ಕಣ್ಣು ಸ್ಕೂಟರಿನ ಮೇಲಿರುತ್ತದೆಯೇ ಹೊರತು ಯುವಜನರ ಮೇಲಲ್ಲ. ಅವನು ಕೊಟ್ಟನೆಂದು ನಾವು ಲೆಕ್ಕ ಬರೆಯುತ್ತೇವೆ. ಅವನ ಮನಸ್ಸಿನಲ್ಲಿ ಅದು ಕೊಡುಗೆಯಾಗಿರುವುದೇ ಇಲ್ಲ.

ಫಲಕದ ಮೇಲಿನ ಹೆಸರು

ಎರಡನೆಯ ಮಾರ್ಗ ದೊಡ್ಡ ದಾನಿಗಳದು. ಕಟ್ಟಡದ ಖರ್ಚು ದೊಡ್ಡದಾಗಿರುವಾಗ ಉಳ್ಳವರು ಹೆಚ್ಚು ಕೊಡುವುದು ಸಹಜ. ಅವರಿಗೆ ಕೃತಜ್ಞತೆ ಸಲ್ಲಬೇಕಾದುದೂ ಧರ್ಮ. ಆದರೆ ಪೂಜೆಯ ಕೊನೆಯಲ್ಲಿ ದಾನಿಗಳ ಹೆಸರನ್ನೂ ಮೊತ್ತವನ್ನೂ ಇಳಿಕೆಯ ಕ್ರಮದಲ್ಲಿ ಓದುವ ರೂಢಿಯನ್ನು ಒಪ್ಪಲಾಗದು. ಗಾರೆ ಕೆಲಸದ ಕೂಲಿಯಿಂದ ಐನೂರು ರೂಪಾಯಿ ಉಳಿಸಿ ತಂದವನ ಹೆಸರು ಆ ಪಟ್ಟಿಯ ತುದಿಯಲ್ಲಿ ಬರುತ್ತದೆ. ಏನನ್ನೂ ಕೊಡಲಾಗದ ಮನೆಯವರು ಅಂಥ ಭಾನುವಾರಗಳಲ್ಲಿ ಹಿಂದಿನ ಬಾಗಿಲ ಬಳಿ ನಿಂತು ಬೇಗನೆ ಹೊರಟುಹೋಗುವುದನ್ನು ನಾನು ಕಂಡಿದ್ದೇನೆ. ಆ ಮನೆಯ ಮಗ ನಾಳೆ ಆ ಕೇಂದ್ರದೊಳಗೆ ತಲೆಯೆತ್ತಿ ಕಾಲಿಟ್ಟಾನೆಯೇ?

ಸಂತ ಮಾರ್ಕನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯವನ್ನು ನೆನೆಯಿರಿ. ಪ್ರಭು ಯೇಸು ಕಾಣಿಕೆ ಪೆಟ್ಟಿಗೆಯ ಎದುರು ಕುಳಿತು, ಜನರು ಹಾಕುವುದನ್ನು ನೋಡುತ್ತಿದ್ದರು. ಧನಿಕರು ಹಾಕಿದ ದೊಡ್ಡ ಮೊತ್ತಕ್ಕಿಂತ ಬಡ ವಿಧವೆಯ ಎರಡು ಕಿರುನಾಣ್ಯಗಳು ಅವರ ದೃಷ್ಟಿಯಲ್ಲಿ ಹೆಚ್ಚಿನವಾಗಿದ್ದವು. ನಮ್ಮ ಪಟ್ಟಿಯ ಕ್ರಮ ಇದಕ್ಕೆ ನೇರ ವಿರುದ್ಧವಾದುದು. ಫಲಕ ಬೇಕೇ ಬೇಕೆಂದಾದರೆ, ಕೊಟ್ಟವರೆಲ್ಲರ ಹೆಸರನ್ನು ಅಕಾರಾದಿಯಾಗಿ, ಮೊತ್ತವಿಲ್ಲದೆ ಕೆತ್ತಿಸಬಹುದು. ಕಲ್ಲು ಹೊತ್ತವರ, ಅಡುಗೆ ಮಾಡಿದವರ ಹೆಸರುಗಳೂ ಅದರಲ್ಲಿರಲಿ.

ಹೊರದೇಶದ ಹಣದ ಬಗ್ಗೆಯೂ ಒಂದು ಎಚ್ಚರಿಕೆಯ ಮಾತು ಅಗತ್ಯ. ಭಾರತದ ಪೌರತ್ವವನ್ನು ಉಳಿಸಿಕೊಂಡಿರುವ ನಮ್ಮವರು ಸ್ವಂತ ದುಡಿಮೆಯ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯೆನಿಸದು. ಬೇರೆ ದೇಶದ ಪೌರತ್ವ ಪಡೆದವರು ಕಳುಹಿಸಿದರೆ, ಅವರು ನಮ್ಮ ಊರಿನವರೇ ಆಗಿದ್ದರೂ, ಅದು ವಿದೇಶಿ ದೇಣಿಗೆ. 2010ರ ವಿದೇಶಿ ವಂತಿಗೆ ಕಾಯಿದೆಯಡಿ ನೋಂದಣಿ ಅಥವಾ ಅನುಮತಿ ಇಲ್ಲದೆ ಅದನ್ನು ಸ್ವೀಕರಿಸುವಂತಿಲ್ಲ. ಕಾನೂನಿನ ಮಾತು ಹಾಗಿರಲಿ, ಇಡೀ ಕಟ್ಟಡವೇ ದೂರದವರ ಹಣದಿಂದ ಎದ್ದರೆ ಊರಿನವರು ಅದರಲ್ಲಿ ಅತಿಥಿಗಳಾಗಿಯೇ ಉಳಿಯುತ್ತಾರೆ ಎಂಬುದು ನನ್ನ ದೊಡ್ಡ ಆಕ್ಷೇಪಣೆ.

ಹಿಡಿ ಅಕ್ಕಿಯ ದಾರಿ

ಇನ್ನು ಹೆಚ್ಚು ಮೆಚ್ಚತಕ್ಕ ಮಾರ್ಗಗಳನ್ನು ನೋಡೋಣ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಸಹೋದರಿಯರು ಸುಮಾರು 1910ರಿಂದ ಒಂದು ಪದ್ಧತಿಯನ್ನು ಪಾಲಿಸುತ್ತಾ ಬಂದಿದ್ದಾರೆ. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕುತ್ತಾರೆ. ಹಾಗೆ ಕೂಡಿದ ಅಕ್ಕಿಯನ್ನು ಮನೆಮನೆಯಿಂದ ಸಂಗ್ರಹಿಸಿ ಮಾರಿ, ಬಂದ ಹಣವನ್ನು ಧರ್ಮಸೇವೆಗೆ ಬಳಸುತ್ತಾರೆ. ಬಡ ಗುಡ್ಡಗಾಡಿನಲ್ಲಿ ಆರಂಭವಾದ ಈ ಹಿಡಿ ಅಕ್ಕಿ ಇಂದು ಆ ಸಭೆಯ ಆದಾಯದ ಮುಖ್ಯ ಮೂಲಗಳಲ್ಲಿ ಒಂದು. ನಮ್ಮ ಕರಾವಳಿಯೂ ಇಂಥದೇ ಪಾಠವನ್ನು ಬಲ್ಲದು. ಉಡುಪಿಯಲ್ಲಿ ಆರಂಭವಾಗಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದು, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುತ್ತಿತ್ತು. ಸಂತ ಪೌಲನೂ ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ, ತಾನು ಬಂದಮೇಲೆ ಅವಸರದಿಂದ ವಸೂಲಿ ಮಾಡುವುದು ಬೇಡ, ವಾರದ ಮೊದಲ ದಿನ ತಂತಮ್ಮ ಶಕ್ತಿಗೆ ತಕ್ಕಷ್ಟನ್ನು ತೆಗೆದಿಡಿರಿ ಎಂಬ ಅರ್ಥದ ಸೂಚನೆಯನ್ನೇ ಕೊರಿಂಥಿಯರಿಗೆ ಕೊಟ್ಟಿದ್ದನು.

ಲೆಕ್ಕ ಹಾಕಿ ನೋಡಿ. ಇನ್ನೂರು ಮನೆಗಳಿರುವ ಧರ್ಮಕೇಂದ್ರದಲ್ಲಿ ಮನೆಯೊಂದಕ್ಕೆ ದಿನಕ್ಕೆ ಸರಾಸರಿ ಐದು ರೂಪಾಯಿ ಕೂಡಿದರೆ ವರ್ಷಕ್ಕೆ 3,65,000 ರೂಪಾಯಿ. ಕಿರುಕ್ರೈಸ್ತ ಸಮುದಾಯಗಳ ಮೂಲಕ ಪ್ರತಿ ವಾರ ಯುವಕ ಯುವತಿಯರೇ ಮುಚ್ಚಿದ ಡಬ್ಬಿಯನ್ನು ಒಯ್ದು ಸಂಗ್ರಹಿಸಲಿ. ಯಾರ ಮನೆಯಿಂದ ಎಷ್ಟು ಬಂತೆಂಬುದು ಯಾರಿಗೂ ತಿಳಿಯಬೇಕಾಗಿಲ್ಲ. ಕಟ್ಟಡ ಮುಗಿಯಲು ಮೂರು ವರ್ಷ ತಡವಾದೀತು. ಆದರೆ ಆ ಮೂರು ವರ್ಷಗಳಲ್ಲಿ ನಮ್ಮ ಯುವಜನರು ಪ್ರತಿಯೊಂದು ಮನೆಯ ಹೊಸ್ತಿಲನ್ನೂ ಬಲ್ಲವರಾಗಿರುತ್ತಾರೆ, ಯಾವ ಮನೆಯಲ್ಲಿ ಕಾಯಿಲೆಯ ಅಜ್ಜಿಯಿದ್ದಾರೆಂಬುದನ್ನೂ ಅರಿತಿರುತ್ತಾರೆ.

ದುಡಿಮೆಯಿಂದ ಹಣ ಬರುವ ಮಾರ್ಗಗಳೂ ಉಂಟು. ಹಳೆಯ ಪತ್ರಿಕೆಗಳನ್ನು ತಿಂಗಳಿಗೊಮ್ಮೆ ಸಂಗ್ರಹಿಸಿ ಮಾರುವುದು, ಯುವಜನರೇ ಬರೆದು ಆಡುವ ನಾಟಕ, ಹಬ್ಬದ ದಿನದ ಆಹಾರ ಮೇಳ ಇವೆಲ್ಲ ಒಳ್ಳೆಯವೇ. ಆದರೆ ಆಹಾರ ಮೇಳದಲ್ಲಿ ಎರಡು ದೋಷಗಳು ನುಸುಳುತ್ತವೆ. ಒಟ್ಟು ಮಾರಾಟವನ್ನೇ ಲಾಭವೆಂದು ಸಾರುವುದು ಮೊದಲನೆಯದು. ಮಾಂಸ, ಎಣ್ಣೆ, ಗ್ಯಾಸ್, ಶಾಮಿಯಾನಗಳ ಖರ್ಚನ್ನು ಕಳೆದಾಗ ಉಳಿಯುವುದು ಬಹಳ ಕಡಿಮೆ. ಎರಡನೆಯದು ಇನ್ನೂ ಗಂಭೀರವಾದುದು. ತಾಯಂದಿರು ನಸುಕಿನಲ್ಲೇ ಎದ್ದು ಒಲೆಯ ಮುಂದೆ ಬೇಯುತ್ತಾರೆ. ಯುವಕರು ಮೈಕಿನ ಬಳಿ ಹಾಡು ಹಾಕುತ್ತಾ ನಿಲ್ಲುತ್ತಾರೆ. ಈರುಳ್ಳಿ ಹೆಚ್ಚುವುದರಿಂದ ಪಾತ್ರೆ ತೊಳೆಯುವವರೆಗೆ ಯುವಜನರು ಸಮಪಾಲು ಹೊರದಿದ್ದರೆ, ಅವರ ಕೇಂದ್ರವನ್ನು ಅಮ್ಮಂದಿರು ಕಟ್ಟಿಕೊಟ್ಟಂತಾಯಿತು. ಅದು ಅವರಿಗೆ ಹಿತವೂ ಅಲ್ಲ, ಗೌರವವೂ ಅಲ್ಲ.

ಕಟ್ಟಿದ ಮೇಲೆ ಯಾರದು?

ಲೆಕ್ಕದ ವಿಷಯದಲ್ಲಿ ಧರ್ಮಸಭೆಯ ನಿಯಮ ಸ್ಪಷ್ಟವಾಗಿದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 537ನೇ ಕಾನೂನಿನಂತೆ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಭಕ್ತರು ಅರ್ಪಿಸಿದುದರ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕೆಂದು 1287ನೇ ಕಾನೂನು ವಿಧಿಸುತ್ತದೆ. ಒಂದು ನಿರ್ದಿಷ್ಟ ಉದ್ದೇಶಕ್ಕೆಂದು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕೆಂಬುದು 1267ನೇ ಕಾನೂನಿನ ಆದೇಶ. ಸಂತ ಪೌಲನಂಥ ಪ್ರೇಷಿತನೂ ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸದಿರಲೆಂದು, ಸಭೆಗಳೇ ನೇಮಿಸಿದ ಸಹೋದರನನ್ನು ಜೊತೆಗೆ ಕರೆದುಕೊಂಡನು. ಹೀಗಿರುವಾಗ ಗುರುಗಳ ಮೇಲೆ ನಂಬಿಕೆಯಿಲ್ಲವೇ ಎಂದು ಕೇಳಿ ಲೆಕ್ಕ ಕೇಳುವವರ ಬಾಯಿ ಮುಚ್ಚಿಸುವುದು ಸಲ್ಲದು. ಪ್ರತಿ ತಿಂಗಳ ಜಮಾ ಖರ್ಚನ್ನು ದೇವಾಲಯದ ಸೂಚನಾ ಫಲಕದಲ್ಲಿ ಹಾಕಿರಿ. ಲೆಕ್ಕ ಬರೆಯುವ ಕೆಲಸವನ್ನು ಹಿರಿಯರೊಬ್ಬರ ಮಾರ್ಗದರ್ಶನದಲ್ಲಿ ಇಬ್ಬರು ಯುವಜನರಿಗೇ ವಹಿಸಿರಿ.

ಇದಕ್ಕಿಂತ ನೋವಿನ ಸಂಗತಿ ಮತ್ತೊಂದಿದೆ. ಯುವಜನರ ಹೆಸರಿನಲ್ಲಿ ಎದ್ದ ಕಟ್ಟಡ, ಸಾಲ ತೀರಿಸುವ ಅಥವಾ ವಿದ್ಯುತ್ ಬಿಲ್ಲು ಕಟ್ಟುವ ನೆಪದಲ್ಲಿ, ಮೆಲ್ಲಮೆಲ್ಲನೆ ಮದುವೆ ಆರತಕ್ಷತೆಗಳ ಬಾಡಿಗೆ ಸಭಾಂಗಣವಾಗುತ್ತದೆ. ಕೇರಂ ಹಲಗೆ ಉಗ್ರಾಣ ಸೇರುತ್ತದೆ. ಕೀಲಿ ಯಾರ ಬಳಿಯಿದೆಯೆಂದು ಹುಡುಗರು ಅಲೆಯುತ್ತಾರೆ. ಕೆಲವು ದಿನಗಳಲ್ಲಿ ಅಲೆಯುವುದನ್ನೂ ಬಿಟ್ಟು ಅದೇ ಬಸ್ ನಿಲ್ದಾಣದ ಕಟ್ಟೆಗೆ ಮರಳುತ್ತಾರೆ. ಯುವಜನರಿಗೆಂದು ಡಬ್ಬಿಗೆ ಹಾಕಿದ ಒಂದೊಂದು ರೂಪಾಯಿಗೂ ಇದು ಮಾಡಿದ ದ್ರೋಹ. ಆದುದರಿಂದ ಮೊದಲ ರೂಪಾಯಿ ಕೂಡಿಸುವ ಮುನ್ನವೇ ತಿಂಗಳಲ್ಲಿ ಎಷ್ಟು ದಿನ ಮಾತ್ರ ಬಾಡಿಗೆಗೆ ಕೊಡಬಹುದು, ನಿರ್ವಹಣೆಗೆಂದು ಎಷ್ಟು ಪಾಲನ್ನು ತೆಗೆದಿಡಬೇಕು, ಕೀಲಿ ಯಾರ ಕೈಯಲ್ಲಿರಬೇಕು ಎಂಬುದನ್ನು ಪಾಲನಾ ಸಮಿತಿ ಬರಹದಲ್ಲಿ ನಿರ್ಧರಿಸಲಿ. ಆ ಸಭೆಯಲ್ಲಿ ಯುವಜನರೂ ಕುಳಿತಿರಲಿ. 2018ರ ಯುವಜನರ ಕುರಿತ ಸಿನೋದಿನ ಮರುವರ್ಷ ದಿವಂಗತ ಪೋಪ್ ಫ್ರಾನ್ಸಿಸ್ ಹೊರಡಿಸಿದ ಪ್ರಬೋಧನಾ ಪತ್ರದ ಮುಖ್ಯ ಆಶಯಗಳಲ್ಲಿ ಇದೂ ಒಂದು: ಯುವಜನರಿಗಾಗಿ ಕೆಲಸ ಮಾಡಿದರೆ ಸಾಲದು, ಅವರೇ ಮುಂದೆ ನಿಂತು ನಡೆಸುವಂತಾಗಬೇಕು.

ಆತ್ಮೀಯ ವಾಚಕರೇ, ನಿಮ್ಮ ಧರ್ಮಕೇಂದ್ರದಲ್ಲಿ ಇಂಥ ಯೋಜನೆಯೊಂದು ಸಿದ್ಧವಾಗುತ್ತಿದ್ದರೆ, ಮುಂದಿನ ಸಭೆಗೆ ತಪ್ಪದೆ ಹೋಗಿ ಆ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಿರಿ. ಬಡವನೂ ತಲೆತಗ್ಗಿಸದೆ ಕೊಡುವಂತಿದೆಯೇ? ಯುವಜನರ ಕೈ ಕೆಲಸದಲ್ಲಿದೆಯೇ? ಲೆಕ್ಕ ಎಲ್ಲರ ಕಣ್ಣಮುಂದಿದೆಯೇ? ಮೂರಕ್ಕೂ ಹೌದೆಂಬ ಉತ್ತರ ದೊರೆತರೆ, ಅಡಿಗಲ್ಲು ಚಿಕ್ಕದಾದರೂ ಚಿಂತೆಯಿಲ್ಲ, ಧೈರ್ಯದಿಂದ ಇಡಿರಿ. ನಮ್ಮ ಮಕ್ಕಳಲ್ಲಿ ಹಲವರು ನಾಳೆ ಓದು, ಉದ್ಯೋಗಗಳಿಗಾಗಿ ಊರು ಬಿಟ್ಟು ಹೋಗುವರು. ಒಟ್ಟಾಗಿ ದುಡಿದು, ಕೂಡಿಸಿ, ಪೈಸೆ ಪೈಸೆಗೂ ಲೆಕ್ಕ ಒಪ್ಪಿಸಿದ ಅಭ್ಯಾಸ ಅವರು ಹೋದಲ್ಲೆಲ್ಲ ಜೊತೆಗಿರುವುದು.